ಎಚ್‌ಆರ್ ಕಲಿಯುವವರಿಗೆ ಪಗಾರ ಪಟ್ಟಿ ಮಾಡಲು ಬರಬೇಕು

ಮಾನ್ಯ ಸಂಪಾದಕರೇ,

ಪಿಯುಸಿ ಫಲಿತಾಂಶ ಬಂದ ಮೇಲೆ ಹುಬ್ಬಳ್ಳಿ–ಧಾರವಾಡ ಅವಳಿ ನಗರದ ಕಾಲೇಜುಗಳ ಫಲಕಗಳಲ್ಲಿ ‘ಬಿಬಿಎ, ಎಚ್‌ಆರ್’ (ವ್ಯವಹಾರ ಆಡಳಿತ ಪದವಿಯಲ್ಲಿ ಮಾನವ ಸಂಪನ್ಮೂಲ ವಿಷಯ) ಎಂಬುದು ದಪ್ಪಕ್ಷರದಲ್ಲಿ ಕಾಣುತ್ತದೆ. ಎಸಿ ಕೋಣೆ, ಸಂದರ್ಶನ, ನೇಮಕಾತಿ ಪತ್ರ ಎಂದುಕೊಂಡೇ ಹೆಚ್ಚಿನವರು ಅರ್ಜಿ ತುಂಬುತ್ತಾರೆ. ಆದರೆ ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳಲ್ಲಿ, ಗೋಕುಲ ರಸ್ತೆಯ ಶೆಡ್ಡುಗಳಲ್ಲಿ ಎಚ್‌ಆರ್ ಅಂದರೆ ಮೊದಲು ಹಾಜರಿ, ನಂತರ ಪಗಾರ, ಅದರ ಬೆನ್ನಿಗೇ ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ). ಸಂದರ್ಶನಕ್ಕೆ ತಿಂಗಳಲ್ಲಿ ನಾಲ್ಕು ದಿನ ಸಿಕ್ಕರೆ ಹೆಚ್ಚು.

ರಾಜ್ಯದಲ್ಲಿ 2024–25ರಿಂದ ಪದವಿ ಮತ್ತೆ 3 ವರ್ಷದ್ದಾಗಿದೆ. ಬಿಬಿಎಯಲ್ಲಿ ಎಚ್‌ಆರ್ ಸಾಮಾನ್ಯವಾಗಿ ಕೊನೆಯ ವರ್ಷದ ಐಚ್ಛಿಕ ವಿಷಯ. ಅಷ್ಟರಲ್ಲಿ ಮನುಷ್ಯನ ಅಗತ್ಯಗಳ ಬಗ್ಗೆ ಮಾಸ್ಲೊ ಹೇಳಿದ ಐದು ಮೆಟ್ಟಿಲು ಬಾಯಿಪಾಠವಾಗಿರುತ್ತದೆ, ಒಬ್ಬ ಕಾರ್ಮಿಕನ ಪಗಾರ ಚೀಟಿ ಮಾಡಲು ಮಾತ್ರ ಬಂದಿರುವುದಿಲ್ಲ. ಲೆಕ್ಕವೇನೂ ಕಠಿಣವಲ್ಲ. ಮೂಲ ವೇತನ, ತುಟ್ಟಿಭತ್ಯೆ ಸೇರಿ 15,000 ರೂ. ಎಂದುಕೊಳ್ಳಿ, ಬೇರೆ ಭತ್ಯೆ ಇಲ್ಲ. ಪಿಎಫ್‌ಗೆ ಶೇ 12ರಂತೆ 1,800 ರೂ., ಇಎಸ್‌ಐಗೆ ಶೇ 0.75ರಂತೆ 113 ರೂ. ಮುರಿದರೆ ಕೈಗೆ 13,087 ರೂ. ಬರುತ್ತದೆ. ಮಾಲೀಕರು ಕಟ್ಟುವ 1,800ರಲ್ಲಿ ವೇತನದ ಶೇ 8.33, ಅಂದರೆ 1,250 ರೂ. ಪಿಂಚಣಿ ಖಾತೆಗೆ, ಉಳಿದ 550 ರೂ. ಭವಿಷ್ಯನಿಧಿಗೆ ಹೋಗುತ್ತದೆ. ಇಎಸ್‌ಐಗೆ ಅವರ ಪಾಲು ಶೇ 3.25. ‘ನನ್ನ ಪಾಸ್‌ಬುಕ್ಕಿನಲ್ಲಿ ಮಾಲೀಕರ ರೊಕ್ಕ ಯಾಕೆ ಕಡಿಮೆ ಕಾಣತೈತಿ’ ಎಂದು ಕಾರ್ಮಿಕ ಕೇಳಿದಾಗ ಉತ್ತರ ಕೊಡಬೇಕಾದವರು ಇದೇ ಪದವೀಧರರು.

ಎಡವುವುದು ಇಂಥ ಸರಳ ಲೆಕ್ಕದಲ್ಲಲ್ಲ, ಅದರ ಅಂಚಿನಲ್ಲಿ. ಇಎಸ್‌ಐನ ಈಗಿನ ವೇತನ ಮಿತಿ 21,000 ರೂ. ಏಪ್ರಿಲ್‌ನಲ್ಲಿ 20,500 ಇದ್ದ ವೇತನ ಜೂನ್‌ನಲ್ಲಿ 22,000 ಆಯಿತು ಅನ್ನಿ. ‘ಮಿತಿ ದಾಟಿತು’ ಎಂದು ಹೊಸಬರು ಜೂನ್‌ನಿಂದಲೇ ಕಡಿತ ನಿಲ್ಲಿಸುತ್ತಾರೆ. ಇದು ತಪ್ಪು. ವಂತಿಗೆಯ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ, ಆ ಬಳಿಕ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ನಡುವೆ ವೇತನ ಏರಿದರೂ ಅವಧಿ ಮುಗಿಯುವ ತನಕ ಏರಿದ ವೇತನದ ಮೇಲೇ ಕಟ್ಟಬೇಕು. ನಿಲ್ಲಿಸಿದರೆ ಆ ಅವಧಿಯಲ್ಲಿ ಲೆಕ್ಕಕ್ಕೆ ಸಿಗುವುದು ಏಪ್ರಿಲ್, ಮೇ ಸೇರಿ ಹೆಚ್ಚೆಂದರೆ 61 ದಿನ, ಅನಾರೋಗ್ಯ ಭತ್ಯೆಗೆ ಬೇಕಾದದ್ದು 78. ಕಾರಕೂನನ ತಪ್ಪು ಆಸ್ಪತ್ರೆ ಸೇರಿದವನ ಹೊಟ್ಟೆಯ ಮೇಲೆ ಬೀಳುತ್ತದೆ.

ನಮ್ಮ ಭಾಗದ ಇನ್ನೊಂದು ದೊಡ್ಡ ತಲೆನೋವು ಹೆಸರು. ಒಂದು ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ, ಮತ್ತೊಂದರಲ್ಲಿ ತಂದೆಯ ಹೆಸರಿನ ಬರೀ ಒಂದಕ್ಷರ. ಬಸವರಾಜನನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೊಂದು ‘ಎ’ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಜನ್ಮದಿನ ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದ ಜೂನ್ 1, ಆಧಾರ್‌ನಲ್ಲಿ ಬೇರೆ. ಕೆಲಸಕ್ಕೆ ಸೇರಿದ ದಿನವೇ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ತಾಳೆ ನೋಡಬೇಕು. ಹಳೆಯ ಯುಎಎನ್ (ಪಿಎಫ್‌ನ ಕಾಯಂ ಸಂಖ್ಯೆ) ಇದೆಯೇ ಎಂದು ಕೇಳದೆ ಹೊಸದನ್ನು ಮಾಡಬಾರದು. ಬಿಟ್ಟುಹೋಗುವವರ ನಿರ್ಗಮನ ದಿನಾಂಕವನ್ನು ತಪ್ಪದೆ ನಮೂದಿಸಬೇಕು. ನವನಗರದ ಪಿಎಫ್ ಕಚೇರಿಗೆ ಅಲೆಯುವ ಎಷ್ಟೋ ಫೇರಿ ಇಷ್ಟರಿಂದಲೇ ತಪ್ಪುತ್ತವೆ. ಯಾವ ಪಠ್ಯಪುಸ್ತಕಕ್ಕೂ ಇದು ತೀರಾ ಸಣ್ಣ ವಿಷಯವೆನಿಸೀತು!

ಕಾನೂನಿನ ಪಾಠವೂ ಹಳೆಯ ನೋಟ್ಸಿನಿಂದ ನಡೆಯುವುದಿಲ್ಲ. 29 ಕಾಯ್ದೆಗಳನ್ನು ಒಳಗೊಂಡ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಲ್ಲಿವೆ. ಗ್ರಾಚ್ಯುಟಿಗೆ (ಕೆಲಸ ಬಿಡುವಾಗ ಸಿಗುವ ಸೇವಾ ಉಪದಾನ) ಐದು ವರ್ಷದ ಸೇವೆ ಎಂದಷ್ಟೇ ಕಲಿತವರಿಗೆ, ನಿಗದಿತ ಅವಧಿಯ ನೌಕರರಿಗೆ ಒಂದೇ ವರ್ಷ ಸಾಕೆಂಬುದು ಗೊತ್ತಿರಬೇಕು. ಲೆಕ್ಕದಲ್ಲಿ ಮಾತ್ರ ತಿಂಗಳೆಂದರೆ 26 ದಿನವೇ. 26,000 ರೂ. ವೇತನ, 10 ವರ್ಷ ಸೇವೆ ಇದ್ದರೆ ವರ್ಷಕ್ಕೆ 15 ದಿನದ ವೇತನದಂತೆ 1,50,000 ರೂ. ಬರುತ್ತದೆ. 30ರಿಂದ ಭಾಗಿಸಿದರೆ 1,30,000. ಒಂದು ಭಾಜಕದ ಬೆಲೆ 20,000 ರೂಪಾಯಿ.

ಶಿಸ್ತು ಕ್ರಮದ್ದು ಇದಕ್ಕಿಂತ ನಾಜೂಕಿನ ಕೆಲಸ. ದಿನಾಂಕ, ಸಮಯ, ಜಾಗ ಇಲ್ಲದ ಆರೋಪ ಪಟ್ಟಿ, ಕನ್ನಡ ಮಾತ್ರ ಬಲ್ಲವನಿಗೆ ಇಂಗ್ಲಿಷಿನಲ್ಲಿ ಕೊಟ್ಟ ನೋಟಿಸು, ದೂರು ಕೊಟ್ಟ ಸೂಪರ್‌ವೈಸರೇ ವಿಚಾರಣಾಧಿಕಾರಿ, ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಸಿಗದ ಅವಕಾಶ. ಕಳ್ಳತನ ನಿಜವೇ ಆಗಿದ್ದರೂ ಇವುಗಳಲ್ಲಿ ಒಂದಿದ್ದರೆ ವಜಾ ಆದೇಶ ಕಾರ್ಮಿಕ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಆರೋಪ ಪಟ್ಟಿ ಬರೆಯುವುದನ್ನು ತರಗತಿಯಲ್ಲಿ ಹತ್ತು ಸಲ ಬರೆದೇ ಕಲಿಯಬೇಕು. ವ್ಯಾಖ್ಯೆ ಓದಿದರೆ ಬರುವುದಿಲ್ಲ.

ಕಾಲೇಜುಗಳಿಗೆ ನಮ್ಮ ಸಲಹೆ ದುಬಾರಿಯದ್ದಲ್ಲ. 40 ಜನರ ಮೂರು ತಿಂಗಳ ಹಾಜರಿ ಕೊಟ್ಟು ಎಕ್ಸೆಲ್‌ನಲ್ಲಿ ಪಗಾರ ಪಟ್ಟಿ ಮಾಡಿಸಲಿ. ಅದರಲ್ಲಿ ಬೇಕೆಂದೇ ಇಬ್ಬರು ನಡುವೆ ಬಿಟ್ಟವರು, ಒಬ್ಬರು ಮಿತಿ ದಾಟಿದವರು, ಒಬ್ಬರು ಎರಡು ಯುಎಎನ್ ಇರುವವರು ಇರಲಿ. ಇಂಟರ್ನ್‌ಶಿಪ್ಪಿಗೆ ತಿಂಗಳ 1ರಿಂದ 15ರವರೆಗೆ ಕಳಿಸಲಿ. ಪಿಎಫ್, ಇಎಸ್‌ಐ ಎರಡನ್ನೂ ಹಿಂದಿನ ತಿಂಗಳ ಲೆಕ್ಕದಲ್ಲಿ 15ರೊಳಗೆ ಕಟ್ಟಬೇಕಾದ್ದರಿಂದ ನಿಜವಾದ ಕೆಲಸ ನಡೆಯುವುದು ಆಗಲೇ. 20ನೇ ತಾರೀಖಿಗೆ ಹೋದ ಹುಡುಗರು ಫೈಲಿಗೆ ತೂತು ಹಾಕಿ ಬರುತ್ತಾರೆ.

ಪಾಲಕರಲ್ಲಿ ಒಂದು ಮಾತು. ಶುಲ್ಕ ತುಂಬುವ ಮುನ್ನ ವಿಭಾಗದ ಮುಖ್ಯಸ್ಥರನ್ನು ಕೇಳಿ: ಕಳೆದ ವರ್ಷ ಇಂಟರ್ನ್‌ಶಿಪ್ ಯಾವ ಕಾರ್ಖಾನೆಯಲ್ಲಿ, ಎಷ್ಟು ದಿನ? ಪಗಾರದ ಲೆಕ್ಕವನ್ನು ಪ್ರಯೋಗವಾಗಿ ಮಾಡಿಸುತ್ತೀರಾ? ಹೊಸ ಸಂಹಿತೆಗಳ ಪಾಠ ಯಾವ ಸೆಮಿಸ್ಟರಿನಲ್ಲಿ?

– ವೇತನ ಮತ್ತು ಕಾರ್ಮಿಕ ಕಾನೂನು ಕೆಲಸದಲ್ಲಿರುವ ಓದುಗರು, ಹುಬ್ಬಳ್ಳಿ