ಗೆಳೆಯನಿಗೊಂದು ಪತ್ರ: ಕಾಪಿ ಹೊಡೆದವರಿಗೆ ಎಷ್ಟು ಮಾರ್ಕ್ಸ್ ಕೊಡಬೇಕು?

ಪ್ರೀತಿಯ ಗೆಳೆಯಾ,

"60 ಅಸೈನ್‌ಮೆಂಟ್ ಬಂದಿವೆ, 40 ಒಂದೇ ಥರ ಇವೆ, ಎಲ್ಲರಿಗೂ ಸೊನ್ನೆ ಹಾಕಿಬಿಡಲಾ?" ಎಂದು ಕೇಳಿದ್ದೀಯ. ಎರಡು ಸಾಲಿನ ಮೆಸೇಜಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ. ಪದವಿ ಕಾಲೇಜಿನಲ್ಲಿ ಮೊದಲ ವರ್ಷದವರಿಗೆ ತತ್ವಶಾಸ್ತ್ರ ಹೇಳಿಕೊಡುವ ಬೇರೆಯವರೂ ಇದನ್ನೇ ಕೇಳುತ್ತಿರುತ್ತಾರೆ. ಹಾಗಾಗಿ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಸೊನ್ನೆ ಹಾಕಬೇಡ. ಹಾಗಂತ ಎಲ್ಲರಿಗೂ 20ಕ್ಕೆ 18 ಹಾಕಿ ಕೈತೊಳೆದುಕೊಳ್ಳಲೂ ಬೇಡ. ಒಬ್ಬೊಬ್ಬರನ್ನೇ ಕರೆದು ಕೂರಿಸಿಕೊಂಡು ಒಂದು ಪ್ರಶ್ನೆ ಕೇಳು. ನನಗೆ ಗೊತ್ತಿರುವ ದಾರಿ ಇದೊಂದೇ. ಯಾಕೆ ಅಂತ ಹೇಳ್ತೀನಿ.

ಪ್ಲೇಟೋನ 'ಮೆನೋ', ಸಾಕ್ರಟಿಸ್ ಮತ್ತು ಮೆನೋ ಎಂಬವನ ಸಂಭಾಷಣೆ, ನಿನಗೆ ನೆನಪಿರಬೇಕು, ಎಂ.ಎ.ಯಲ್ಲಿ ಓದಿದ್ದೆವಲ್ಲ. ಅದರ ಕೊನೆಯ ಭಾಗದಲ್ಲಿ ಲಾರಿಸಾ ಊರಿನ ದಾರಿಯ ಮಾತು ಬರುತ್ತದೆ. ಲಾರಿಸಾಗೆ ಹೋಗಿಬಂದವನು ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಬಲ್ಲ. ಒಮ್ಮೆಯೂ ಹೋಗದವನ ಊಹೆ ಸರಿಯಿದ್ದರೆ ಅವನೂ ಅಷ್ಟೇ ಚೆನ್ನಾಗಿ ಕರೆದುಕೊಂಡು ಹೋಗಬಲ್ಲ. ಊರು ಸಿಗುವುದಂತೂ ಸಿಗುತ್ತದೆ. ಹಾಗಿದ್ದ ಮೇಲೆ ಸರಿಯಾದ ಅಭಿಪ್ರಾಯಕ್ಕಿಂತ ತಿಳಿವಳಿಕೆಗೆ ಯಾಕೆ ಹೆಚ್ಚು ಬೆಲೆ ಎಂದು ಮೆನೋ ಕೇಳುತ್ತಾನೆ. ಆಗ ಸಾಕ್ರಟಿಸ್, ಗ್ರೀಕ್ ಪುರಾಣದ ಶಿಲ್ಪಿ ಡೀಡಲಸ್ ಮಾಡಿದ ಮೂರ್ತಿಗಳ ಮಾತು ತೆಗೆಯುತ್ತಾನೆ. ಅವನ್ನು ಕಟ್ಟಿಹಾಕದಿದ್ದರೆ ಎದ್ದು ಓಡಿಹೋಗುತ್ತವಂತೆ. ಸರಿಯಾದ ಅಭಿಪ್ರಾಯವೂ ಹಾಗೇ. ಅದು ಯಾಕೆ ಸರಿ ಎಂಬ ಕಾರಣ ಹಚ್ಚಿ ಕಟ್ಟಿಹಾಕುವವರೆಗೆ ತಲೆಯಲ್ಲಿ ನಿಲ್ಲುವುದಿಲ್ಲ.

ನಮ್ಮ ಮುಂದೆ ಇರುವ ಹಾಳೆಗಳ ಕಥೆಯೂ ಇದೇ ಅಲ್ವಾ? ಕಾಪಿ ಹೊಡೆದ ಹಾಳೆಯಲ್ಲಿರುವ ಉತ್ತರ ಬಹಳ ಸಲ ಸರಿಯಾಗೇ ಇರುತ್ತದೆ. ಬರೀ ಉತ್ತರ ನೋಡಿ ಮಾರ್ಕ್ಸ್ ಹಾಕಿದರೆ, ಹೋಗಿಬಂದವನಿಗೂ ಹೋಗದವನಿಗೂ ಒಂದೇ ಅಂಕ ಬೀಳುತ್ತದೆ. ಕಾರಣದ ಹಗ್ಗ ಕಟ್ಟಿದೆಯೋ ಇಲ್ಲವೋ ಎಂಬುದು ಹಾಳೆಯ ಮೇಲೆ ಕಾಣುವುದಿಲ್ಲ. ಒಂದು ಪ್ರಶ್ನೆ ಕೇಳಿದ ತಕ್ಷಣ ಕಾಣುತ್ತದೆ.

ಕಳೆದ ಸೆಮಿಸ್ಟರ್ ನಾನು ಇದೇ ಭಾಗದ ಮೇಲೆ ಅಸೈನ್‌ಮೆಂಟ್ ಕೊಟ್ಟಿದ್ದೆ. ಐದು ಜನರ ಹಾಳೆಯಲ್ಲಿ "ಲಾರಿಸಾ ಎಂಬ ಮಹಿಳೆ ತೋರಿಸಿದ ದಾರಿ" ಎಂದಿತ್ತು. ಒಬ್ಬರು ಬರೆದದ್ದನ್ನು ನಾಲ್ವರು ಇಳಿಸಿದ್ದಾರೆ ಎಂದು ಅಲ್ಲಿಗೇ ಗೊತ್ತಾಯಿತು. ಅದೇ ಕಟ್ಟಿನಲ್ಲಿ ಒಬ್ಬ ಹುಡುಗಿಯ ಹಾಳೆ ಇತ್ತು. ನುಣುಪಾದ ಇಂಗ್ಲಿಷ್, ಒಂದು ಸ್ಪೆಲಿಂಗ್ ತಪ್ಪಿಲ್ಲ. ಪಿಯುಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವಳು, ಕ್ಲಾಸಿನಲ್ಲಿ ಬಾಯಿ ಬಿಡದವಳು. ಪಕ್ಕದ ಟೇಬಲ್ಲಿನ ಸಹೋದ್ಯೋಗಿ ನೋಡಿ "ಇದು ಅವಳು ಬರೆದದ್ದಲ್ಲ ಬಿಡಿ" ಎಂದರು. ಅವಳನ್ನು ಸ್ಟಾಫ್ ರೂಮಿಗೆ ಕರೆಸಿದೆ. ಹಾಳೆ ಮಗುಚಿಟ್ಟು ಕನ್ನಡದಲ್ಲೇ ಕೇಳಿದೆ. "ಇಬ್ಬರೂ ಊರು ಮುಟ್ಟಿಸ್ತಾರೆ ತಾನೇ? ಮತ್ತೆ ಹೋಗಿಬಂದವನೇ ಯಾಕಮ್ಮ ಬೇಕು?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಸರ್, ಮೊಬೈಲ್ ಮ್ಯಾಪ್ ನೋಡ್ಕೊಂಡು ಬಂದವರು ನಮ್ಮೂರ ಕೆರೆ ಏರಿ ತನಕ ಸರಿಯಾಗೇ ಬರ್ತಾರೆ. ಮಳೆಗಾಲದಲ್ಲಿ ಕೋಡಿ ಬಿದ್ದು ರಸ್ತೆ ಮೇಲೆ ನೀರು ಹರೀತಿದ್ರೆ ಅಲ್ಲೇ ನಿಂತುಬಿಡ್ತಾರೆ. ನಮ್ಮಪ್ಪ ಆದ್ರೆ ತೋಟದ ಹಿಂದಿನಿಂದ ಸುತ್ತಿಸಿ ಕರ್ಕೊಂಡು ಬರ್ತಾರೆ."

ಇಂಗ್ಲಿಷ್ ಹೇಗೆ ಬರೆದೆ ಎಂದು ಕೇಳಿದೆ. ಮೊದಲು ಕನ್ನಡದಲ್ಲಿ ಬರೆದಿದ್ದಳು. ಫೋನಿನಲ್ಲಿ ಅದನ್ನು ಇಂಗ್ಲಿಷ್ ಮಾಡಿಸಿ, ಹಾಸ್ಟೆಲಿನ ಸೀನಿಯರ್ ಒಬ್ಬಳ ಹತ್ತಿರ ತಿದ್ದಿಸಿದ್ದಳು. ಬ್ಯಾಗಿನಿಂದ ಕನ್ನಡದ ಹಾಳೆ ತೆಗೆದು ತೋರಿಸಿದಳು. ಎಷ್ಟೋ ಕಡೆ ಹೊಡೆದುಹಾಕಿ ಮತ್ತೆ ಬರೆದಿದ್ದಳು, ಅಂಚಿನಲ್ಲಿ ಬಾಣದ ಗುರುತು ಹಾಕಿ ಮರೆತ ವಾಕ್ಯ ಸೇರಿಸಿದ್ದಳು. ನಿನ್ನ ಆ 40 ಹಾಳೆಗಳಲ್ಲಿ ಇಂಥದ್ದೊಂದು ಇಲ್ಲ ಎಂದು ನೀನು ಹೇಗೆ ಹೇಳ್ತೀಯ?

ಯಂತ್ರ ಬರೆದದ್ದು ಯಾವುದು ಎಂದು ಸಾಫ್ಟ್‌ವೇರ್ ಹೇಳುತ್ತದೆ ಅಂತೀಯ. ಅದನ್ನು ನಂಬಿ ಒಬ್ಬ ವಿದ್ಯಾರ್ಥಿಯನ್ನು ಕಳ್ಳ ಅನ್ನಬೇಡ, ದಯವಿಟ್ಟು. ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಅದನ್ನು ಮಾಡಿದ ಓಪನ್‌ಎಐ ಕಂಪನಿಯೇ ಯಂತ್ರ ಬರೆದದ್ದನ್ನು ಪತ್ತೆ ಮಾಡುವ ಸಾಧನವೊಂದನ್ನು 2023ರ ಆರಂಭದಲ್ಲಿ ಬಿಟ್ಟಿತ್ತು. ನಿಖರತೆ ಸಾಲದು ಎಂದು ಅದೇ ವರ್ಷ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದಿದ್ದ 91 ಪ್ರಬಂಧಗಳನ್ನು ಕೊಟ್ಟರೆ, ಸರಾಸರಿ ಅರ್ಧಕ್ಕಿಂತ ಜಾಸ್ತಿ ಪ್ರಬಂಧಗಳನ್ನು ಯಂತ್ರ ಬರೆದದ್ದು ಎಂದುಬಿಟ್ಟವು. ಅಮೆರಿಕದ ಶಾಲಾ ಮಕ್ಕಳ ಪ್ರಬಂಧಗಳಲ್ಲಿ ಅಷ್ಟು ತಪ್ಪು ಆಗಲಿಲ್ಲ. ಕಾರಣ ಸರಳ. ಕಲಿತ ಭಾಷೆಯಲ್ಲಿ ಬರೆಯುವವರು ಗೊತ್ತಿರುವ ಕೆಲವೇ ಪದಗಳಲ್ಲಿ, ಊಹಿಸಬಹುದಾದ ವಾಕ್ಯಗಳಲ್ಲಿ ಬರೆಯುತ್ತಾರೆ. ಆ ಸಾಧನಗಳು ಯಂತ್ರದ ಗುರುತು ಎಂದು ಹುಡುಕುವುದೂ ಅದನ್ನೇ. ಅಂದರೆ ಹಳ್ಳಿಯಿಂದ ಬಂದು, ಕಷ್ಟಪಟ್ಟು ಇಂಗ್ಲಿಷ್ ಜೋಡಿಸಿ ಬರೆದ ಹುಡುಗನ ಮೇಲೇ ಮೊದಲು ಅನುಮಾನ ಬೀಳುತ್ತದೆ. ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ 2023ರ ಆಗಸ್ಟ್‌ನಲ್ಲಿ ಇಂಥ ಪತ್ತೆಯನ್ನು ನಿಲ್ಲಿಸಿತು. ಅವರ ಲೆಕ್ಕ ಹೀಗಿತ್ತು: 100ಕ್ಕೆ ಒಂದೇ ತಪ್ಪಾಗುತ್ತದೆ ಎಂಬ ಮಾತನ್ನು ನಂಬಿದರೂ, ವರ್ಷಕ್ಕೆ 75,000 ಹಾಳೆಗಳಲ್ಲಿ 750 ಹಾಳೆಗಳ ಮೇಲೆ ಸುಳ್ಳು ಆರೋಪ ಬರುತ್ತದೆ.

ಕೃತಿಚೌರ್ಯಕ್ಕೆ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಇದೆಯಲ್ಲ ಎಂದೂ ಕೇಳಿದ್ದೀಯ. ಇದೆ. 2018ರದ್ದು. ಶೇ 10ರವರೆಗೆ ಹೋಲಿಕೆ ಇದ್ದರೆ ಶಿಕ್ಷೆ ಇಲ್ಲ, ಅದಕ್ಕಿಂತ ಜಾಸ್ತಿ ಇದ್ದರೆ 40, 60 ಎಂದು ಹಂತಗಳಿವೆ. ಆದರೆ ಅದು ಪ್ರಬಂಧ ಮಂಡಿಸುವ ಸಂಶೋಧಕರಿಗೆ, ಲೇಖನ ಪ್ರಕಟಿಸುವವರಿಗೆ. ಅಸೈನ್‌ಮೆಂಟ್, ಟರ್ಮ್ ಪೇಪರ್, ಉತ್ತರ ಪತ್ರಿಕೆಗಳನ್ನು ಹೊರಗಿಟ್ಟಿದ್ದೇವೆ ಎಂದು ಆ ನಿಯಮವೇ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಶೇಕಡಾವಾರು ತೋರಿಸಿ ಶಿಕ್ಷೆ ಕೊಡಲು ನಿನಗೆ ಆ ಆಸರೆ ಇಲ್ಲ. ತೀರ್ಮಾನ ನಿನ್ನದೇ.

ಇನ್ನೊಂದು ಮಾತು. ನಮ್ಮ ಮಕ್ಕಳು ಸೋಮಾರಿಗಳಾಗಿ ಕಾಪಿ ಹೊಡೆಯುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ಕೆಲವರು ಇರಬಹುದು. ಜಾಸ್ತಿ ಜನಕ್ಕೆ ಇಂಗ್ಲಿಷ್ ಭಯ. ತಲೆಯಲ್ಲಿ ವಿಚಾರ ಇರುತ್ತದೆ, ಅದನ್ನು ಹೇಳುವ ಭಾಷೆ ಕೈಗೆ ಸಿಗುವುದಿಲ್ಲ. ನಿನ್ನ ಕ್ಲಾಸಿನಲ್ಲಿ ಮೊದಲ ದಿನವೇ ಹೇಳಿಬಿಡು, ಕನ್ನಡದಲ್ಲಿ ಬರೆಯಿರಿ ಅಂತ. ನಾನು ಹಾಗೆ ಹೇಳಲು ಶುರುಮಾಡಿದ ಮೇಲೆ ಹಾಳೆಗಳು ಒರಟಾದವು, ಆದರೆ ಅವರವರದ್ದಾದವು. ಅಷ್ಟು ಸಾಕು ನನಗೆ.

ಈಗ ಮಾರ್ಕ್ಸ್ ವಿಚಾರ. ತತ್ವಶಾಸ್ತ್ರದಲ್ಲಿ ಸರಿ ಉತ್ತರವೇ ಇಲ್ಲ, ಯಾವುದಕ್ಕೆ ಅಂತ ಕಡಿಮೆ ಮಾಡೋದು ಎಂದು ಕೇಳ್ತೀಯಲ್ಲ, ಅದಕ್ಕೆ ನಮ್ಮ ಹಿರಿಯರು ಒಂದು ಅಳತೆ ಕೊಟ್ಟಿದ್ದಾರೆ. ಪೂರ್ವಪಕ್ಷ. ಎದುರಾಳಿಯ ವಾದವನ್ನು, ಅವನೇ ಇದ್ದಿದ್ದರೆ ಎಷ್ಟು ಗಟ್ಟಿಯಾಗಿ ಹೇಳುತ್ತಿದ್ದನೋ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಆಮೇಲೆ ನಿನ್ನ ಮಾತು. ವಿಜಯನಗರ ಕಾಲದ, 14ನೇ ಶತಮಾನದ 'ಸರ್ವದರ್ಶನ ಸಂಗ್ರಹ' ಶುರುವಾಗುವುದೇ ಚಾರ್ವಾಕರಿಂದ, ಅಂದರೆ ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಭೌತವಾದಿಗಳಿಂದ. ಬರೆದ ಮಾಧವಾಚಾರ್ಯರು ವೇದಾಂತಿ. ಚಾರ್ವಾಕರ ಸ್ವಂತ ಗ್ರಂಥ ಇಡಿಯಾಗಿ ನಮಗೆ ಉಳಿದಿಲ್ಲ. ಆದರೂ ಅನುಮಾನ ಪ್ರಮಾಣವನ್ನು, ಅಂದರೆ ಕಂಡದ್ದರಿಂದ ಕಾಣದ್ದನ್ನು ಊಹಿಸಿ ತಿಳಿಯುವುದನ್ನು, ಅವರು ಯಾಕೆ ಒಪ್ಪಲಿಲ್ಲ ಎಂಬ ವಾದ ಆ ಪುಸ್ತಕದಲ್ಲಿ ಇವತ್ತಿಗೂ ನಮ್ಮನ್ನು ತಡವರಿಸುವಂತೆ ಮಾಡುತ್ತದೆ. ಚಾರ್ವಾಕರು ಕೇಳುತ್ತಾರೆ: ಹೊಗೆ ಇರುವಲ್ಲೆಲ್ಲ ಬೆಂಕಿ ಇದೆ ಅಂತೀರಿ. ಆ 'ಎಲ್ಲ' ನಿಮಗೆ ಹೇಗೆ ಗೊತ್ತಾಯಿತು? ಕಣ್ಣಿಗೆ ಕಂಡದ್ದು ಕೆಲವು ಕಡೆ ಮಾತ್ರ. ಹಿಂದಿನದ್ದು, ಮುಂದಿನದ್ದು ಕಂಡಿಲ್ಲ. ಅನುಮಾನದಿಂದ ಗೊತ್ತಾಯಿತು ಎಂದರೆ, ಆ ಅನುಮಾನಕ್ಕೆ ಇನ್ನೊಂದು ಅನುಮಾನ ಬೇಕು. ಅದಕ್ಕೆ ಮತ್ತೊಂದು.

ತನಗೆ ಒಪ್ಪಿಗೆಯಾಗದವರ ಮಾತನ್ನು ಇಷ್ಟು ನಿಯತ್ತಾಗಿ, ಇದು ಅವರದ್ದು ಎಂದು ಹೇಳಿಯೇ ಮುಂದಿಡುವುದು ದೊಡ್ಡ ಪ್ರಾಮಾಣಿಕತೆ. ಕಾಪಿ ಹೊಡೆಯುವುದು ಇದರ ಉಲ್ಟಾ. ಅಲ್ಲಿ ಬೇರೆಯವರ ಮಾತು ನನ್ನದಾಗಿಬಿಡುತ್ತದೆ. ಆದ್ದರಿಂದ ಕಾಪಿ ಮಾಡಬೇಡಿ ಎಂದು ಬೆದರಿಸುವ ಬದಲು ಪೂರ್ವಪಕ್ಷ ಬರೆಯಲು ಕಲಿಸು. ಗೈಡ್ ನೋಡಿ ಬರೆದ ಹುಡುಗ "ಸಾಲ ಮಾಡಿಯಾದರೂ ತುಪ್ಪ ತಿನ್ನು ಎಂದವರು ಚಾರ್ವಾಕರು" ಎಂದು ಬರೆದು ನಿಲ್ಲುತ್ತಾನೆ. ಆ 'ಎಲ್ಲ' ಎಂಬುದರ ಮೇಲೆ ಬೆರಳಿಟ್ಟು ಕೇಳುವ ಹುಡುಗಿ ಓದಿದ್ದಾಳೆ ಎಂದು ಅರ್ಥ. ಕೊನೆಗೆ ಅವಳು ಚಾರ್ವಾಕರ ಪರ ಇರಲಿ, ಅನುಮಾನವನ್ನು ಒಪ್ಪುವ ನೈಯಾಯಿಕರ ಪರ ಇರಲಿ, ನಿನಗೆ ಒಪ್ಪಿಗೆಯಾಗದ ಮಾತನ್ನೇ ಹೇಳಲಿ, ಅದಕ್ಕೆ ಒಂದು ಅಂಕವನ್ನೂ ಕಡಿಮೆ ಮಾಡಬೇಡ. 20ರಲ್ಲಿ ಅರ್ಧ ನಾನು ಪೂರ್ವಪಕ್ಷಕ್ಕೇ ಇಡುತ್ತೇನೆ. ಸ್ವಂತ ಕಾರಣಕ್ಕೆ ಐದು, ಎದುರು ಕೂತು ಮಾತಾಡಿದ್ದಕ್ಕೆ ಐದು. 60 ಮಕ್ಕಳಿಗೆ ತಲಾ ಐದು ನಿಮಿಷ ಎಂದರೂ ಐದು ಗಂಟೆ. ಎರಡು ವಾರದಲ್ಲಿ ಹಂಚಿಕೊಂಡರೆ ಆಗದ ಕೆಲಸ ಅಲ್ಲ.

ತಿದ್ದುವಾಗ ಹೆಸರು ಕಾಣದ ಹಾಗೆ ಮೊದಲ ಪುಟ ಹಿಂದಕ್ಕೆ ಮಡಚಿಡು. ಸೆಮಿಸ್ಟರ್ ಪರೀಕ್ಷೆಯ ಪತ್ರಿಕೆಗೆ ಕೋಡ್ ನಂಬರ್ ಹಾಕುತ್ತಾರೆ, ಇಂಟರ್ನಲ್ಸ್‌ಗೆ ಯಾರೂ ಹಾಕುವುದಿಲ್ಲ. ನಮ್ಮ ನಾಡಿನಲ್ಲಿ ಹೆಸರು ಓದಿದರೆ ಜಾತಿ, ಧರ್ಮ, ಊರು ಎಲ್ಲ ತಿಳಿದುಬಿಡುತ್ತದೆ. ನನ್ನ ಮನಸ್ಸಿನಲ್ಲಿ ಭೇದ ಇಲ್ಲ ಎಂದು ನಾವು ಎಷ್ಟೇ ಹೇಳಿಕೊಂಡರೂ, ಕೆಂಪು ಪೆನ್ ಹಿಡಿದ ಕೈಗೆ ಆ ಹೆಸರು ಕಾಣದೇ ಇರುವುದು ಒಳ್ಳೆಯದು. ಅಂಕ ಬರೆದಿಟ್ಟ ಮೇಲೆ ಮಾತಿಗೆ ಕರೆ.

"ಪಾಪ, ಇಂಟರ್ನಲ್ಸ್ ತಾನೇ, ಹಾಕಿಬಿಡಿ" ಎನ್ನುವವರು ನಿನಗೆ ಸಿಕ್ಕೇ ಸಿಗುತ್ತಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಫೇಲಾದ ಹುಡುಗಿಯನ್ನು ಮನೆಯವರು ಮತ್ತೆ ಕಾಲೇಜಿಗೆ ಕಳಿಸದೇ ಇರಬಹುದು. ಆದರೆ ಓದದೆ 18 ಹಾಕುವುದೂ ಸುಳ್ಳೇ. ನಾಲ್ಕು ಸಲ ಹೊಡೆದುಹಾಕಿ ಬರೆದವಳಿಗೂ ಝೆರಾಕ್ಸ್ ಮಾಡಿದವನಿಗೂ ಒಂದೇ ಅಂಕ ಬಿದ್ದರೆ, ಮುಂದಿನ ಸಲ ಅವಳು ಯಾಕೆ ಬರೆಯಬೇಕು?

ನಿಜವಾಗಿ ಇಳಿಸಿದವರಿಗೆ ಏನು ಮಾಡುವುದು? ಲಾರಿಸಾ ಮಹಿಳೆಯ ಐವರನ್ನೂ ನಾನು ಬೇರೆ ಬೇರೆಯಾಗಿ ಕರೆದೆ. ಕ್ಲಾಸಿನ ಮುಂದೆ ಒಬ್ಬರ ಹೆಸರನ್ನೂ ಎತ್ತಲಿಲ್ಲ. "ಅವಳು ಯಾರು ಅಂತ ನಂಗೂ ಗೊತ್ತಿಲ್ಲ ಸರ್" ಎಂದು ಒಬ್ಬ ತಾನಾಗಿ ಒಪ್ಪಿಕೊಂಡ. ಮೂಲದ ಎರಡು ಪುಟದ ಕನ್ನಡ ಅನುವಾದ ಕೈಗೆ ಕೊಟ್ಟು, ಲೈಬ್ರರಿಯಲ್ಲಿ ಕೂತು ಪೆನ್ನಿನಲ್ಲಿ ಮತ್ತೆ ಬರೆಯಿರಿ ಎಂದೆ. ಎಷ್ಟೇ ಚೆನ್ನಾಗಿ ಬರೆದರೂ 20ಕ್ಕೆ 12 ದಾಟುವುದಿಲ್ಲ ಎಂದು ಮೊದಲೇ ಹೇಳಿದ್ದೆ. ಎರಡನೇ ಸಲ ಹಾಗೇ ಮಾಡಿದರೆ ಸೊನ್ನೆ, ವಿಭಾಗದ ಮುಖ್ಯಸ್ಥರಿಗೆ ವರದಿ ಎಂದೂ ಹೇಳಿದ್ದೆ. ಐವರೂ ಬರೆದುಕೊಟ್ಟರು. ಆ ಒಪ್ಪಿಕೊಂಡ ಹುಡುಗನ ಹಾಳೆ ಅವುಗಳಲ್ಲಿ ಚೆನ್ನಾಗಿತ್ತು.

ಮೊದಲು ಆ 40 ಜನರ ಪಟ್ಟಿ ಮಾಡಿ ಸೋಮವಾರದಿಂದಲೇ ಕರೆಯಲು ಶುರುಮಾಡು. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಬೇಡ, ಹೊರಗೆ ಬಂದವರು ಒಳಗೆ ಹೋಗುವವರಿಗೆ ಹೇಳಿಬಿಡುತ್ತಾರೆ. ಅವರವರ ಹಾಳೆಯಿಂದಲೇ ಒಂದು ವಾಕ್ಯ ಆರಿಸಿಕೊಂಡು, ಇದು ಯಾಕೆ ಹೀಗೆ ಎಂದು ಕೇಳು. ಚಾರ್ವಾಕ ಭಾಗಕ್ಕೆ ನಾನು ಮಾಡಿಕೊಂಡಿರುವ ಪ್ರಶ್ನೆಗಳನ್ನು ನಾಳೆ ವಾಟ್ಸ್ಆ್ಯಪ್‌ನಲ್ಲಿ ಕಳಿಸ್ತೀನಿ, ನಿನ್ನ ಮಕ್ಕಳಿಗೆ ತಕ್ಕ ಹಾಗೆ ಬದಲಾಯಿಸಿಕೋ.

ಇಂತಿ ನಿನ್ನ ಗೆಳೆಯ