ಎಳೆಯದು ಬೇರೆ, ಹೊಸದು ಬೇರೆ

ಕಳೆದ ಶನಿವಾರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ‘ಅಪ್ಪ ಎಳೆ ಕಾರು ತಂದರು’ ಎಂದು ಬರೆದಿದ್ದಳು. ಎಳೆಯದೆಂದರೆ ಹೊಸದು ಎಂದು ಹಿಂದಿನ ವಾರ ಹೇಳಿಕೊಟ್ಟವನು ನಾನೇ. ತಪ್ಪು ಅವಳದಲ್ಲ.

‘ಎಳೆಯದು’ ಎಂಬ ಮಾತನ್ನು ನಾನು ಕಲಿತದ್ದು ಗದಗ ಸೀಮೆಯ ಎರೆಹೊಲದಲ್ಲಿ. ಹಿಂಗಾರಿ ಬಿಳಿಜೋಳ ತೆನೆಗಟ್ಟುವ ದಿನಗಳು. ಸೀತನಿ, ಅಂದರೆ ಸುಟ್ಟ ಹಸಿಜೋಳದ ಕಾಳು, ಬೇಕೆಂದು ನಾವು ಹುಡುಗರು ಹಟ ಹಿಡಿದರೆ ಅಜ್ಜ ಒಂದು ತೆನೆ ಬಗ್ಗಿಸಿ, ಕಾಳಿಗೆ ಹೆಬ್ಬೆರಳಿನ ಉಗುರು ಒತ್ತುತ್ತಿದ್ದ. ತೆಳ್ಳಗೆ ಹಾಲು ಬಂದರೆ, ‘ಇನ್ನಾ ಎಳೀದೈತಿ, ನಾಕು ದಿನ ತಡೀರಿ’ ಎನ್ನುತ್ತಿದ್ದ. ಹಾಲು ಗಟ್ಟಿಯಾಗಿ ಕಾಳು ಮೆತ್ತಗಿದ್ದರೆ ತೆನೆ ಮುರಿದು ಕುಳ್ಳಿನ ಕೆಂಡದಲ್ಲಿ ಸುಟ್ಟು, ಗೋಣಿಚೀಲದ ಮೇಲೆ ತಿಕ್ಕಿ, ಹೊಟ್ಟು ಊದಿ, ಬಿಸಿಬಿಸಿ ಕಾಳನ್ನು ನಮ್ಮ ಬೊಗಸೆಗೆ ಸುರಿಯುತ್ತಿದ್ದ. ಜೊತೆಗೆ ಬೆಲ್ಲ, ಶೇಂಗಾ ಹಿಂಡಿ. ಉಗುರು ನಾಟದಿದ್ದರೆ ‘ಬಲತೈತಿ’. ಅದು ಇನ್ನು ರೊಟ್ಟಿಗೆ.

ಹೊಸದಕ್ಕೆ ಎದುರು ಹಳೆಯದು. ಎಳೆಯದಕ್ಕೆ ಎದುರು ಬಲಿತದ್ದು. ಹುಬ್ಬಳ್ಳಿ ಸಂತೆಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುವ ಹೆಣ್ಣುಮಕ್ಕಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಾರು, ಕೊಡ, ಅಂಗಿ ಎಷ್ಟೇ ಹೊಸವಾಗಿರಲಿ, ಅವು ಬೆಳೆಯುವಂಥವಲ್ಲ, ಎಳೆಯವೆನ್ನಲು ಬಾರದು. ಬಿಸಿಲು ಏರುತ್ತದೆ, ಆದ್ದರಿಂದ ಎಳೆಬಿಸಿಲು. ಎಳೆಗರು, ಎಳನೀರು ಕೂಡ ಹಾಗೆಯೇ. ತಮಿಳರ ‘ಇಳನೀರ್’ ಇದೇ ಬಳಗದ್ದು. ಬೆಟಗೇರಿಯ ನೇಕಾರರ ನೂಲಿನ ಎಳೆ ಮಾತ್ರ ಬೇರೆ ಮಾತು. ಹಳಗನ್ನಡದಲ್ಲಿ ಅದು ‘ಎೞೆ’. ೞ ಎಂಬ ಆ ಹಳೆಯ ಅಕ್ಷರ ಬಿದ್ದುಹೋಗಿ ಅದರ ಜಾಗಕ್ಕೆ ಳ ಬಂದ ಮೇಲೆ ಎರಡಕ್ಕೂ ಒಂದೇ ಬರಹವಾಯಿತು.

ಈ ಸಂಚಿಕೆಯಲ್ಲಿ ಹುಬ್ಬಳ್ಳಿಯ ಸ್ಟಾರ್ಟಪ್‌ಗಳ ಬಗ್ಗೆ ಒಂದು ಬರಹವಿದೆ. ಪತ್ರಿಕೆಗಳು ‘ನವೋದ್ಯಮ’ ಎನ್ನುತ್ತವೆ. ಒಳ್ಳೆಯ ಪದವೇ, ಆದರೆ ಹೊಸದೆಂದು ಹೇಳಿ ಸುಮ್ಮನಾಗುತ್ತದೆ. ಇನ್ನೂ ಹಾಲುಗಾಳಿನಂತಿದೆ, ಗಟ್ಟಿಯಾಗಲು ದಿನ ಬೇಕು ಎಂಬುದು ಅದರಲ್ಲಿ ಬರುವುದಿಲ್ಲ. ಹಾಗಾಗಿ ಲೇಖಕರನ್ನು ಕೇಳಿಯೇ ಎರಡು ಕಡೆ ‘ಎಳೆಯ ಉದ್ದಿಮೆ’ ಎಂದು ತಿದ್ದಿದ್ದೇನೆ. ‘ಎಳಸು’ ಎಂದು ಬರೆಯಲು ಮನಸ್ಸಾಗಲಿಲ್ಲ. ಅದರಲ್ಲಿ ಹೀಯಾಳಿಕೆಯ ದನಿಯಿದೆ.

ಇಲ್ಲಿ ಸೀತನಿ ಸಿಗದು, ಗೋವಿನಜೋಳ (ಮೆಕ್ಕೆಜೋಳ) ಸಿಗುತ್ತದೆ. ಬರುವ ಶನಿವಾರ ಎಳೆಯದೊಂದು, ಬಲಿತದ್ದೊಂದು ತೆನೆ ತರಗತಿಗೆ ಒಯ್ಯುತ್ತೇನೆ. ಉಗುರು ಒತ್ತುವ ಮೊದಲ ಸರದಿ ಆ ಹುಡುಗಿಯದು.