ಶನಿವಾರದ ಓಕ್ ಹುಳು ವೀಕ್ಷಣೆ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಬೆಳಿಗ್ಗೆ 9 ಗಂಟೆಗೆ ಬರ್ಕ್ಲಿಯ ಟಿಲ್ಡನ್ ಉದ್ಯಾನದಲ್ಲಿ, ನಿತ್ಯಹಸಿರಿನ ಓಕ್ ಮರಗಳನ್ನು ಮೇಯುವ ಕ್ಯಾಲಿಫೋರ್ನಿಯಾ ಓಕ್ ಹುಳುಗಳನ್ನು ನೋಡಲಿದ್ದೇವೆ.

ಬಿಸಿಲು ಬೀಳುವ ಹೊರಕೊಂಬೆಯ ಎಲೆ ಚಿಕ್ಕದಾಗಿ, ದಪ್ಪವಾಗಿ, ಕವುಚಿದ ಬಟ್ಟಲಿನಂತೆ ಬಾಗಿರುತ್ತದೆ. ನೆರಳಿನದು ಅಗಲ, ತೆಳು. ಬಿಸಿಲು ಹುಳುವಿನ ಮೈ ಬೆಚ್ಚಗಿಟ್ಟು ಬೆಳವಣಿಗೆಯನ್ನು ಚುರುಕುಗೊಳಿಸಿದರೂ, ಅದೇ ಬಿಸಿಲಿಗೆ ಎಲೆ ಗಡುಸಾಗಿ, ಟ್ಯಾನಿನ್ ಎಂಬ ಒಗರು ಪದಾರ್ಥ ಹೆಚ್ಚುವುದರಿಂದ, ಹಾನಿ ಎಲ್ಲಿ ಹೆಚ್ಚೆಂಬುದನ್ನು ಊಹಿಸದೆ ಎಣಿಸಿಯೇ ಹೇಳಬೇಕು. ಆದ್ದರಿಂದ ಪ್ರತಿ ಮರದಲ್ಲಿ ಎರಡೂ ಬಗೆಯ ತಲಾ 10 ಎಲೆಗಳನ್ನು, ಕೀಳದೆ, ತಿರುವಿ ನೋಡಿ ಬರೆದುಕೊಳ್ಳಿ. ಮರಿಹುಳುಗಳು ಒಂದು ಪದರವನ್ನಷ್ಟೇ ಕೆರೆದು ತಿನ್ನುವುದರಿಂದ ಎಲೆ ಜಾಳಾಗಿ ಕಂದುಬಣ್ಣಕ್ಕೆ ತಿರುಗುತ್ತದೆ. ಬಲಿತವು ಎಲೆಯನ್ನೇ ಕತ್ತರಿಸುತ್ತವೆ.

ಈ ಹುಳುವಿಗೆ ರೋಮವಿಲ್ಲ. ರೋಮವಿರುವ ಬೇರೆ ಹುಳು ಕಂಡರೆ ದಯವಿಟ್ಟು ಮುಟ್ಟಬೇಡಿ, ತುರಿಕೆಯಾದೀತು. ಬರುವವರು ಗುರುವಾರದೊಳಗೆ ಇಲ್ಲಿಯೇ ತಿಳಿಸಿ. ಭೂತಗನ್ನಡಿ ಇದ್ದವರು ತನ್ನಿ.